ಸಂಬಳವಿಲ್ಲದ ರಜೆಯಲ್ಲಿ ಒಂದು ಟೂರು ಕಂಪನಿ

ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಎಂದು ಕೇಳುವವರಿದ್ದಾರೆ. ಜನರನ್ನು ಊರು ಬಿಡಿಸಿ ಕರೆದೊಯ್ಯುವ ಕಸುಬು ಹಿಡಿದವನಿಗೆ ಆಗದೆ ಮನೆಯಲ್ಲಿ ಕೂತವನಿಗೆ ಆಗುತ್ತವೆಯೇ? ಊರಲ್ಲಿ ನೆಟ್ಟಗಿದ್ದವರು ರೈಲು ಹತ್ತಿದ ಕೂಡಲೇ ಬೇರೆಯವರಾಗುತ್ತಾರೆ. ನಾನೂ ಅದಕ್ಕೆ ಹೊರತಲ್ಲ.

ಹೊಟ್ಟೆನೋವು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಕಲು ಗುಮಾಸ್ತ. ಒಬ್ಬರು ಬರೆದದ್ದನ್ನು ನೋಡಿಕೊಂಡು ಇನ್ನೊಂದು ಕಾಗದದಲ್ಲಿ ಬರೆಯುವುದು ಕೆಲಸ. ಒಂಬತ್ತು ವರ್ಷದಲ್ಲಿ ನನ್ನದು ಅಂತ ಬರೆದದ್ದು ನನ್ನ ರುಜು ಒಂದೇ. ಬೇಸರ ಹತ್ತಿ, ಯಾತ್ರೆ ಹೊರಡಿಸುವ ವ್ಯವಹಾರ ಮಾಡೋಣ ಎಂದುಕೊಂಡೆ.

ಅಜ್ಜಂಪುರದ ನನ್ನ ಮಾವನವರು ನಿವೃತ್ತ ಹೆಡ್‌ಮಾಸ್ತರು. ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದರು. "ಅಳಿಯಂದ್ರೇ, ನಾನು ಮಗಳನ್ನ ಕೊಟ್ಟಿದ್ದು ನಿಮ್ಮ ಮುಖ ನೋಡಿ ಅಲ್ಲ, ನೀವು ಕೂತಿದ್ದ ಕುರ್ಚಿ ನೋಡಿ" ಎಂದರು. ಕೊನೆಗೆ ಒಪ್ಪಂದವಾಯಿತು. ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಬೇಕು, ವರ್ಷ ತುಂಬಿದ ಮೇಲೆ ಬಾಯಿ ಮುಚ್ಚಿಕೊಂಡು ಕುರ್ಚಿಗೆ ವಾಪಸಾಗಬೇಕು.

ರಜೆ ಅರ್ಜಿಯಲ್ಲಿ ಕಾರಣ "ಟೂರ್ ನಡೆಸಲು" ಎಂದು ಬರೆದಿದ್ದೆ. ಹೆಡ್ ಗುಮಾಸ್ತರು ಓದಿ ಮುಖ ಕಿವುಚಿದರು.

"ಏನಯ್ಯಾ, ಇದೂ ಒಂದು ಕಾರಣವೇ? ಹೊಟ್ಟೆನೋವು ಅಂತ ಬರಿ."

"ಒಂದು ವರ್ಷ ಹೊಟ್ಟೆನೋವೇ ಸಾರ್?"

"ಸಾಹೇಬ್ರು ಕಾರಣ ಓದ್ತಾರೆ, ಅವಧಿ ಓದಲ್ಲ. ಬರಿ."

ರಜೆ ಮಂಜೂರಾಯಿತು. ತಿಂಗಳೊಪ್ಪತ್ತಿನಲ್ಲಿ, ಇಪ್ಪತ್ತು ಜನರ ಮುಂದೆ ಬಾವುಟ ಹಿಡಿದುಕೊಂಡು ಬೀರೂರು ಸ್ಟೇಷನ್ನಿನಲ್ಲಿ ಓಡುತ್ತಿದ್ದಾಗ ಅದೇ ಸಾಹೇಬರು ಎದುರಾದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು: "ಓಡಾಡಬೇಡಪ್ಪಾ, ಮಜ್ಜಿಗೆ ಕುಡಿ."

ಮುಹೂರ್ತಕ್ಕೆ ಹೊರಟ ಚೀಲಗಳು

ತರೀಕೆರೆಯಿಂದ ಹನ್ನೆರಡು ಜನರ ಮೈಸೂರು ಪ್ರವಾಸ. ಹೊರಡುವುದು ಮಂಗಳವಾರ. ಮಂಗಳವಾರ ಯಾರೂ ಹೊರಡುವುದಿಲ್ಲ. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಹಿಂದಿನ ದಿನ ಒಳ್ಳೆಯ ಗಳಿಗೆ ನೋಡಿ ಚೀಲವನ್ನು ಬೇರೊಬ್ಬರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಆಗಲೇ ಶುರುವಾದಂತೆ ಲೆಕ್ಕ. ಇದಕ್ಕೆ ಪರಸ್ಥಾನ ಎನ್ನುತ್ತಾರೆ. ಹನ್ನೊಂದು ಜನ ಸೋಮವಾರ ಸಂಜೆ ಸ್ಟೇಷನ್ ಹತ್ತಿರದ ಟೈಲರ್ ಮನೆಯಲ್ಲಿ ಚೀಲ ಇಟ್ಟರು. ಹನ್ನೆರಡನೆಯವನು ಆ ಟೈಲರೇ; ಅವನು ತನ್ನ ಚೀಲವನ್ನು ಎದುರುಮನೆಯಲ್ಲಿ ಇಟ್ಟ.

ನಾನು ಕಡೂರಿನಲ್ಲಿ ಅದೇ ರೈಲು ಹತ್ತಿದೆ. ಹನ್ನೆರಡೂ ಜನ ಇದ್ದರು. ಚೀಲ ಒಂದೂ ಇಲ್ಲ.

"ಮನೆಗೆ ಬೀಗ ಹಾಕಿತ್ತು. ಟೈಲರ್ ಎಲ್ಲ ಹೊತ್ಕೊಂಡು ಮುಂದೆ ಬಂದವ್ನೆ ಅಂದ್ಕೊಂಡ್ವಿ" ಎಂದರು ಹನ್ನೊಂದು ಜನ.

"ಪರಸ್ಥಾನದ ಚೀಲಾನ ಇಟ್ಟೋರೇ ಮುಟ್ಬೇಕು ಕಣ್ರೀ. ನಾನು ಮುಟ್ಟೋದುಂಟೇ? ಕಳ್ರು ಬಂದಾರು ಅಂತ ಬೀಗ ಹಾಕ್ಕೊಂಡು ಬಂದೆ" ಎಂದ ಟೈಲರ್.

"ನಿಮ್ಮ ಚೀಲ?"

"ಎದುರುಮನೆಯೋರು ಇನ್ನೂ ಎದ್ದಿರ್ಲಿಲ್ಲ."

ನಾಲ್ಕು ದಿನ ಉಟ್ಟ ಬಟ್ಟೆಯಲ್ಲೇ ಅರಮನೆ, ಬೆಟ್ಟ, ಮೃಗಾಲಯ ಎಲ್ಲ ನೋಡಿದರು. ಮರಳಿ ಬರುವಾಗ ನಾನು ಹಿಡಿಶಾಪ ಕೇಳಲು ಸಿದ್ಧನಾಗಿ ಕೂತಿದ್ದೆ. ಒಬ್ಬ ಅಜ್ಜಿ ಮಾತ್ರ ಸಮಾಧಾನದಲ್ಲಿದ್ದರು. "ಒಳ್ಳೆ ಗಳಿಗೆಲಿ ಹೊರಟಿದ್ದು ಚೀಲ ಕಣಪ್ಪಾ, ನಾವಲ್ಲ. ನೋಡು, ಅವಕ್ಕೆ ಒಂದು ಚೂರೂ ತೊಂದ್ರೆ ಆಗ್ಲಿಲ್ಲ."

ಹೆಬ್ಬೆಯಲ್ಲಿ ಅವಸರ

ಅಜ್ಜಂಪುರ ಕಡೆಯ ಈರುಳ್ಳಿ ಬೆಳೆಗಾರರನ್ನು ಹೆಬ್ಬೆ ಜಲಪಾತಕ್ಕೆ ಕರೆದುಕೊಂಡು ಹೋಗಿದ್ದೆ. ಕೋಳಿ ಕೂಗುವ ಮೊದಲೇ ಎಬ್ಬಿಸಿ, ತಿಂಡಿಗೂ ಬಿಡದೆ, "ಹೊತ್ತಾಯ್ತು, ಹೊತ್ತಾಯ್ತು" ಎನ್ನುತ್ತ ಕೆಮ್ಮಣ್ಣುಗುಂಡಿಯ ಕಾಡುದಾರಿಯಲ್ಲಿ ಇಳಿಸಿದೆ. ಒಬ್ಬ ಗೌಡರು ನೀರು ಬೀಳುವುದನ್ನು ಬಹಳ ಹೊತ್ತು ನೋಡಿದರು.

"ಇದು ಎಷ್ಟೊತ್ತಿಗೆ ನಿಲ್ತದೆ?"

"ನಿಲ್ಲೋದಿಲ್ಲ ಗೌಡ್ರೇ. ಹಗಲು ರಾತ್ರಿ ಬೀಳ್ತಾನೇ ಇರುತ್ತೆ."

ಗೌಡರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮತ್ಯಾಕೆ ನಮ್ಮನ್ನ ಹಂಗೆ ಓಡಿಸ್ಕೊಂಡು ಬಂದೆ?"

ಕಾಶಿಯಲ್ಲಿ ಬಿಟ್ಟದ್ದು

ವರ್ಷ ಮುಗಿಯುತ್ತ ಬಂತು. ಕೊನೆಯದು ಕಾಶಿಯಾತ್ರೆ, ಹದಿನೈದು ಜನ. ಮಾವನವರೂ ಹೊರಟರು. ದೇವರ ಮೇಲಿನ ಭಕ್ತಿಗಿಂತ ನನ್ನ ಮೇಲಿನ ಅನುಮಾನ ದೊಡ್ಡದಾಗಿತ್ತು. "ವಾಪಸ್ ಬಂದ ಸೋಮವಾರ ನಾನೇ ನಿಮ್ಮನ್ನ ಕಚೇರಿ ಮೆಟ್ಟಿಲು ಹತ್ತಿಸಿ ಬತ್ತೀನಿ" ಎಂದು ಬೀರೂರಿನಿಂದ ಕಾಶಿಯವರೆಗೂ ಹೇಳಿದರು. ನನಗೆ ಆ ಕುರ್ಚಿಗೆ ಮರಳುವುದು ಬೇಕಿರಲಿಲ್ಲ. ಬೇಡ ಎನ್ನಲು ಧೈರ್ಯವೂ ಇರಲಿಲ್ಲ.

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ವಸ್ತುವನ್ನು ಗಂಗೆಯ ದಡದಲ್ಲಿ ಬಿಟ್ಟು ಬರಬೇಕು. ಬಿಟ್ಟದ್ದನ್ನು ಜನ್ಮದಲ್ಲಿ ಮತ್ತೆ ಮುಟ್ಟುವಂತಿಲ್ಲ. ನಮಗೆ ಸಿಕ್ಕ ಪುರೋಹಿತರ ಮನೆತನ ಎಂದೋ ನಮ್ಮ ಕಡೆಯಿಂದ ಹೋದದ್ದು, ಕನ್ನಡ ಬರುತ್ತಿತ್ತು. ಎಲ್ಲರನ್ನೂ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ, ಅಂಗೈಗೆ ನೀರು ಹಾಕಿ, ಏನು ಬಿಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಮಂತ್ರ ಹೇಳಿ ಅಂಗೈಯ ನೀರು ಬಿಟ್ಟರೆ ಆ ವಸ್ತು ಬಿಟ್ಟಂತೆ. ಮೊದಲನೆಯವರು ಹಾಗಲಕಾಯಿ ಬಿಟ್ಟರು. ಎರಡನೆಯವರೂ ಹಾಗಲಕಾಯಿ. ಒಂಬತ್ತನೆಯ ಹಾಗಲಕಾಯಿಗೆ ಪುರೋಹಿತರು ಕೈ ತಡೆದು, "ನಿಮ್ಮ ಸೀಮೆಯವರಿಗೆ ಹಾಗಲಕಾಯಿ ಅಂದ್ರೆ ಇಷ್ಟೊಂದು ಪ್ರಾಣವೇ?" ಎಂದರು.

ನನ್ನ ಸರದಿ ಬಂತು. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಸರ್ಕಾರಿ ಕೆಲಸ ಬಿಟ್ಟೆ" ಎಂದುಬಿಟ್ಟೆ.

ಹಿಂದೆ ನಿಂತಿದ್ದ ಮಾವನವರು ನೀರಿನಲ್ಲೇ ಹಾರಿಬಿದ್ದರು. "ಸ್ವಾಮಿ, ನೀರು ಬಿಡಿಸಬೇಡಿ! ಇದು ನಡೆಯಲ್ಲ! ಪ್ರಿಯವಾದದ್ದನ್ನ ಬಿಡಬೇಕು ತಾನೆ? ಇವರಿಗೆ ಆ ಕೆಲಸ ಯಾವತ್ತೂ ಪ್ರಿಯ ಅಲ್ಲ. ಬೇಕಾದ್ರೆ ಎಲ್ಲರನ್ನೂ ಕೇಳಿ!"

ಪುರೋಹಿತರು ನನ್ನನ್ನು ನೋಡಿದರು. ಸುಳ್ಳು ಹೇಳುವ ಜಾಗವಲ್ಲ. "ಪ್ರಿಯ ಅಲ್ಲ" ಎಂದೆ.

"ಮತ್ತೆ ಯಾರಿಗೆ ಪ್ರಿಯ?"

"ನನಗೆ!" ಎಂದರು ಮಾವನವರು. "ಆ ಕೆಲಸ ನೋಡಿ ಮಗಳನ್ನೇ ಕೊಟ್ಟಿದೀನಿ. ನನ್ನ ಪ್ರಾಣ ಇದೆ ಅದರಲ್ಲಿ."

"ಹಾಗಾದ್ರೆ ಬಿಡಬೇಕಾದವರು ನೀವು" ಎಂದು ಪುರೋಹಿತರು ಅವರ ಅಂಗೈ ಹಿಡಿದು ಮುಂದಕ್ಕೆಳೆದು, ನೀರು ಹಾಕಿ, ಗೋತ್ರ ಹೆಸರು ಕೇಳಿ, ಮಂತ್ರ ಮುಗಿಸಿ, ಕೈ ಓರೆ ಮಾಡಿ ನೀರು ಬಿಡಿಸಿಯೇ ಬಿಟ್ಟರು. ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿಕೊಟ್ಟು ಹೇಳಿಸಿದ ಮಾವನವರಿಗೆ, ಹೇಳಿಕೊಟ್ಟದ್ದನ್ನು ನಡುವೆ ನಿಲ್ಲಿಸಿ ಅಭ್ಯಾಸವಿರಲಿಲ್ಲ; ಮಂತ್ರವನ್ನು ಪೂರ್ತಿ ಹೇಳಿಬಿಟ್ಟರು.

ಮೆಟ್ಟಿಲು ಹತ್ತಿ ಒದ್ದೆ ಪಂಚೆಯಲ್ಲೇ ಕೂತರು. ನನಗೂ ಪಾಪ ಅನ್ನಿಸಿ ಪಕ್ಕದಲ್ಲಿ ಕೂತೆ. ಕೊನೆಗೆ ಮೆಟ್ಟಿಲ ಮೇಲೆ ಕಳಚಿಟ್ಟಿದ್ದ ತಮ್ಮ ಅಂಗಿಯ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ರಾಜೀನಾಮೆ ಇಲ್ಲೇ ಬರೆದು ಪೋಸ್ಟಿಗೆ ಹಾಕಿಬಿಡಿ ಅಳಿಯಂದ್ರೇ. ಊರಿಗೆ ಹೋದ್ರೆ ನನಗೆ ಮತ್ತೆ ಆಸೆ ಹುಟ್ಟುತ್ತೆ."