ಹಾರನ್ ಹೊಡೆದು ಊರು ನೋಡಿದವನು

ಊರು ನೋಡುವುದರಲ್ಲಿ ಮನುಷ್ಯರು ಎರಡು ಬಗೆ. ಕಾಲಿನಿಂದ ನೋಡುವವರು, ಗಾಜಿನಿಂದ ನೋಡುವವರು. ನಾನು ಎರಡನೆಯ ಬಗೆಯವನು. ಕತಾರಿಗೆ ಬಂದು ಹೆಚ್ಚುಕಡಿಮೆ ನನ್ನ ಮಗಳ ವಯಸ್ಸಿನಷ್ಟು ವರ್ಷಗಳಾದವು. ದೋಹಾದಲ್ಲಿ ನಾನು ಹೋಗದ ರಸ್ತೆಯಿಲ್ಲ, ಇಳಿದ ರಸ್ತೆಯೂ ಇಲ್ಲ. ಬೇಸಿಗೆಯಲ್ಲಿ ಕಾರಿನಿಂದ ಇಳಿಯದಿರುವುದಕ್ಕೆ ಬಿಸಿಲು ಕಾರಣ. ಚಳಿಗಾಲದಲ್ಲಿ ಇಳಿಯದಿರುವುದಕ್ಕೆ ಪಾರ್ಕಿಂಗ್ ಸಿಗದಿರುವುದು ಕಾರಣ. ಅಪರೂಪಕ್ಕೆ ಪಾರ್ಕಿಂಗ್ ಸಿಕ್ಕಿತೆನ್ನಿ, ಇಷ್ಟು ಒಳ್ಳೆಯ ಜಾಗ ಸಿಕ್ಕಿದೆಯಲ್ಲ, ಎ.ಸಿ. ಹಾಕಿಕೊಂಡು ಸ್ವಲ್ಪ ಹೊತ್ತು ಕೂತಿರೋಣ ಎಂದು ಕೂತುಬಿಡುತ್ತೇನೆ.

ಇದಕ್ಕೆ ಈ ದೇಶವೂ ನನಗೆ ಧಾರಾಳವಾಗಿ ಕುಮ್ಮಕ್ಕು ಕೊಟ್ಟಿದೆ. ಇಲ್ಲಿ ಕರಕ್ ಎಂಬ ಚಹಾ ಸಿಗುತ್ತದೆ. ಹಾಲು, ಏಲಕ್ಕಿ, ಸಕ್ಕರೆ ಎಲ್ಲ ಸೇರಿಸಿ, ಚಹಾಕ್ಕೇ ಸಾಕೋ ಸಾಕು ಅನ್ನಿಸುವಷ್ಟು ಕುದಿಸಿದ್ದು. ಅದನ್ನು ಅಂಗಡಿಯೊಳಗೆ ಹೋಗಿ ಕುಡಿಯುವವರು ಕಡಿಮೆ. ಕಾರನ್ನು ಅಂಗಡಿಯ ಮುಂದೆ ತಂದು ಒಂದು ಹಾರನ್ ಹೊಡೆದರೆ ಸಾಕು, ಒಳಗಿನಿಂದ ಮನುಷ್ಯ ಓಡಿ ಬರುತ್ತಾನೆ, ಕಿಟಕಿ ಇಳಿಸಿದರೆ ಲೋಟ ಕೈಗೆ ಬರುತ್ತದೆ. ಮುಐದರ್‌ನಲ್ಲಿ ನಮ್ಮ ಮನೆಯ ಹತ್ತಿರದ ಅಂಗಡಿಯವನಂತೂ ನನ್ನ ಹಾರನ್ನಿನ ದನಿಯನ್ನೇ ಗುರುತಿಸುತ್ತಾನೆ. ಹಾಲು, ಮೊಸರು, ಇಸ್ತ್ರಿ ಬಟ್ಟೆ ಎಲ್ಲವೂ ನನಗೆ ಹೀಗೆ ಕಿಟಕಿಯಲ್ಲೇ ಒದಗಿಬಂದವು. ಹಾರನ್ ಹೊಡೆದರೆ ಬೇಕಾದ್ದು ಬರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿತು.

ನಮ್ಮ ಮಗಳು ಇಂಚರ ಬೆಳೆದದ್ದೂ ಕಾರಿನ ಹಿಂದಿನ ಸೀಟಿನಲ್ಲಿ. ಪ್ರತಿ ಶುಕ್ರವಾರ ಸಂಜೆ ನಮ್ಮದೊಂದು ಪ್ರವಾಸವಿರುತ್ತಿತ್ತು. ಸಮುದ್ರದ ಪಕ್ಕದ ಕಾರ್ನಿಷ್ ರಸ್ತೆಯಲ್ಲಿ ಒಂದು ಸುತ್ತು, ಮೂರು ಕರಕ್, ಮನೆ. ಒಮ್ಮೆ ಶಾಲೆಯಲ್ಲಿ ‘ನನ್ನ ಊರು’ ಎಂದು ಚಿತ್ರ ಬರೆಯಲು ಹೇಳಿದ್ದರು. ಅವಳು ಸಮುದ್ರ ಬರೆದಳು, ಎತ್ತರದ ಕಟ್ಟಡಗಳನ್ನು ಬರೆದಳು, ಅವುಗಳ ಮೇಲೆ ಅಡ್ಡಕ್ಕೆ ಎರಡು ಕಪ್ಪು ಕಡ್ಡಿ ಬರೆದಳು. ಏನಮ್ಮಾ ಇದು ಎಂದರೆ, ‘ವೈಪರ್’ ಎಂದಳು. ನಾನು ನಕ್ಕು, ಆ ಚಿತ್ರವನ್ನು ಬಂದವರಿಗೆಲ್ಲ ತೋರಿಸಿದೆ. ಅಳಬೇಕಾದ ಕಡೆ ನಗುವುದು ನನ್ನ ಹಳೆಯ ಚಾಳಿ.

ಈಗ ಅವಳು ಬೆಲ್ಜಿಯಂನಲ್ಲಿ ಓದುತ್ತಿದ್ದಾಳೆ. ಓದುತ್ತಿದ್ದಾಳೆ ಎನ್ನುವುದು ವಾರದ ಐದು ದಿನದ ಮಾತು. ಶನಿವಾರ ಬೆಳಿಗ್ಗೆ ಬೆನ್ನಿಗೊಂದು ಚೀಲ ಏರಿಸಿ ಹೊರಟಳೆಂದರೆ ಭಾನುವಾರ ಸಂಜೆಯೊಳಗೆ ಯಾವ ದೇಶದಲ್ಲಿರುತ್ತಾಳೋ ಹೇಳಲಾಗದು. ಇಲ್ಲಿ ನಮಗೆ ಶುಕ್ರವಾರ, ಶನಿವಾರ ರಜೆ. ಹಾಗಾಗಿ ಅವಳ ಭಾನುವಾರದ ಸಾಹಸಗಳೆಲ್ಲ ನಾನು ಆಫೀಸಿನ ಮೀಟಿಂಗಿನಲ್ಲಿ ಕೂತಿರುವಾಗಲೇ ಬಂದು ಬೀಳುತ್ತವೆ. ಮ್ಯಾನೇಜರು ಗೋದಾಮಿನ ಲೆಕ್ಕ ಒಪ್ಪಿಸುತ್ತಿರುವಾಗ ಮೇಜಿನ ಕೆಳಗೆ ನಾನು ಯಾವುದೋ ಕಾಲುವೆಯನ್ನು, ಅದರ ದಂಡೆಯಲ್ಲಿ ಕೂತು ಅಮ್ಮನ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುವ ಮಗಳನ್ನು ನೋಡುತ್ತಿರುತ್ತೇನೆ. ಅಲ್ಲಿ ಕೆಲವು ರೈಲುಗಳು ನಡುದಾರಿಯಲ್ಲಿ ಎರಡು ಭಾಗವಾಗಿ, ಮುಂದಿನ ಅರ್ಧ ಒಂದು ಊರಿಗೂ ಹಿಂದಿನ ಅರ್ಧ ಇನ್ನೊಂದು ಊರಿಗೂ ಹೋಗುತ್ತವಂತೆ. ಇವಳು ಒಮ್ಮೆ ತಪ್ಪು ಅರ್ಧದಲ್ಲಿ ಕೂತು ಗೊತ್ತಿಲ್ಲದ ಊರಿಗೆ ಹೋಗಿ ಇಳಿದಳು. ವಿಷಯ ತಿಳಿದು ನಾನು ಮೀಟಿಂಗಿನಿಂದ ಎದ್ದು ಹೊರಗೆ ಬಂದು ಫೋನ್ ಮಾಡಿದೆ.

‘ತಕ್ಷಣ ಟ್ಯಾಕ್ಸಿ ಹಿಡಿ’ ಎಂದೆ.

‘ಯಾಕಪ್ಪ? ಇಟ್ಸ್ ಸೋ ಪ್ರೆಟಿ. ನಡೀತಾ ಇದೀನಿ, ಇಲ್ಲೂ ಏನೋ ಇರುತ್ತೆ’ ಎಂದಳು.

ತಪ್ಪಿ ಇಳಿದ ಊರನ್ನೂ ನೋಡಿಕೊಂಡು ಬರುವ ಮಗಳು, ಇದ್ದ ಊರಲ್ಲೇ ಇಳಿಯದ ಅಪ್ಪ. ಇವಳು ಯಾರನ್ನು ಹೋಲುತ್ತಾಳೆ ಎಂದು ಹೆಂಡತಿ ಸುಧಾಳನ್ನು ಕೇಳಿದರೆ, ‘ನಿಮ್ಮನ್ನಂತೂ ಅಲ್ಲ ಬಿಡಿ’ ಎಂದು ಸಮಾಧಾನ ಹೇಳಿದಳು.

ಚಳಿಗಾಲದ ರಜೆಗೆ ಇಂಚರ ಮನೆಗೆ ಬಂದಳು. ಅರ್ಧ ರಜೆ ಅವರಿವರ ಮನೆಯ ಊಟದಲ್ಲಿ ಕಳೆಯಿತು. ಶನಿವಾರ ಅವಳು ಹೊರಡಬೇಕು. ಹಿಂದಿನ ದಿನ, ಅಂದರೆ ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ ಹತ್ತಿರ ಬಂದು ಕೂತಳು.

‘ಅಪ್ಪ, ಎಲ್ಲಾ ಊರೂ ನೋಡ್ತೀನಿ, ದೋಹಾನೇ ನೋಡಿಲ್ಲ ನಾನು. ಇವತ್ತು ಐ ಆಮ್ ದ ಟೂರಿಸ್ಟ್. ನೋ ಕಾರ್. ನೀನು ನನ್ ಜೊತೆ ನಡೀಬೇಕು.’

ಅವಳು ಈ ರಜೆಯಲ್ಲಿ ನನ್ನಿಂದ ಕೇಳಿದ್ದು ಅದೊಂದೇ. ನಾನು ಉತ್ಸಾಹದಿಂದಲೇ ಒಪ್ಪಿದೆ. ವಾಕಿಂಗಿಗೆಂದು ಯಾವುದೋ ರಿಯಾಯಿತಿ ಮಾರಾಟದಲ್ಲಿ ಕೊಂಡ ಬೂಟು ಡಬ್ಬಿಯಲ್ಲಿ ಹೊಸ ಮದುಮಗನ ಹಾಗೆ ಕೂತಿತ್ತು, ಅದನ್ನೇ ಹಾಕಿಕೊಂಡೆ. ಮೆಟ್ರೋ ಹಿಡಿದು ಮೂವರೂ ಸೂಕ್ ವಾಕಿಫ್‌ಗೆ ಹೋಗಿ ಇಳಿದೆವು. ಆ ಮಾರುಕಟ್ಟೆಯ ಹೊರಗಿನ ಪಾರ್ಕಿಂಗ್ ನನಗೆ ಅಂಗೈಯಷ್ಟು ಪರಿಚಿತ. ಒಳಗೆ ಹೋದರೆ ಓಣಿಗಳು, ಓಣಿಯೊಳಗೆ ಓಣಿಗಳು. ಇಂಚರ ಒಂದೊಂದು ಅಂಗಡಿಯ ಮುಂದೂ ನಿಂತು ಕೇಳತೊಡಗಿದಳು. ಈ ಒಣಗಿದ ನಿಂಬೆಹಣ್ಣು ಯಾತಕ್ಕೆ? ಆ ಗಿಡುಗದ ಕಣ್ಣಿಗೆ ಟೋಪಿ ಯಾಕೆ? ನನಗೆ ಒಂದೂ ಗೊತ್ತಿರಲಿಲ್ಲ. ‘ಅದು ಹಾಗೇ’ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಅವಳೇ ಅಂಗಡಿಯವನನ್ನು ಕೇಳಿ, ತಿಳಿದುಕೊಂಡು, ನನಗೂ ಹೇಳಿದಳು.

ಅಷ್ಟರಲ್ಲಿ ಮದುಮಗ ಕಚ್ಚಲು ಶುರುಮಾಡಿದ್ದ. ಹಿಮ್ಮಡಿ ಉರಿ, ಮಂಡಿ ನೋವು. ಕುಂಟುವುದನ್ನು ಮಗಳು ನೋಡಿಬಿಟ್ಟಾಳು ಎಂಬ ಸಂಕೋಚ ಬೇರೆ. ನನಗೊಂದು ಅದ್ಭುತ ಯೋಚನೆ ಹೊಳೆಯಿತು.

‘ನೀವಿಬ್ಬರೂ ಇಲ್ಲೇ ಕೂತ್ಕೊಂಡು ಏನಾದರೂ ಕುಡೀತಾ ಇರಿ. ನಾನು ಟ್ಯಾಕ್ಸೀಲಿ ಮನೆಗೆ ಹೋಗಿ ಕಾರ್ ತಂದುಬಿಡ್ತೀನಿ. ಆಮೇಲೆ ಆರಾಮಾಗಿ ನೋಡೋಣ’ ಎಂದೆ.

‘ಬೇಡ ಅಪ್ಪ. ಸೀ ಇಲ್ಲೇ ಇದೆ, ರಸ್ತೆ ದಾಟಿದ್ರೆ ಆಯ್ತು. ಅಲ್ಲೀ ತನಕ ಬಾ. ಕಾಲು ನೋವಾದ್ರೆ ಕೂತ್ಕೊಳ್ಳೋಣ, ನಂಗೇನೂ ಅರ್ಜೆಂಟ್ ಇಲ್ಲ’ ಎಂದಳು.

‘ಸಮುದ್ರ ಎಲ್ಲಿಗೆ ಹೋಗುತ್ತೆ? ಕಾರಲ್ಲೇ ಹೋಗಿ ನೋಡಿದ್ರಾಯ್ತು’ ಎಂದೆ ನಾನು.

ಸುಧಾ ನನ್ನ ಮುಖ ನೋಡಿ, ಮಗಳ ಕೈ ಹಿಡಿದುಕೊಂಡಳು. ಬೇಡ ಎಂದಿದ್ದರೆ ವಾದ ಮಾಡಬಹುದಿತ್ತು.

ಶುಕ್ರವಾರ ಸಂಜೆ ಇಡೀ ದೋಹಾ ಮನೆಯಿಂದ ಹೊರಡುತ್ತದೆ. ಮುಐದರ್‌ಗೆ ಹೋಗಿ ಕಾರು ತರುವಷ್ಟರಲ್ಲಿ ಟ್ರಾಫಿಕ್ಕು ಗಟ್ಟಿಯಾಗಿತ್ತು. ಸೂಕ್ ಹತ್ತಿರ ಒಂದು ಜಾಗವೂ ಖಾಲಿಯಿಲ್ಲ. ಸುತ್ತಿದೆ, ಮತ್ತೆ ಸುತ್ತಿದೆ. ಫೋನ್ ಮಾಡಿದರೆ ಇಬ್ಬರೂ ಎತ್ತಲಿಲ್ಲ. ಕಡೆಗೆ ಕಾರ್ನಿಷ್ ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕಂಡರು. ಸಮುದ್ರದ ಪಕ್ಕದ ಕಾಲುದಾರಿಯಲ್ಲಿ ಅಮ್ಮ, ಮಗಳು ಕೈ ಕೈ ಹಿಡಿದು ನಡೆಯುತ್ತಿದ್ದರು. ಹಿಂದೆ ಮರದ ದೋಣಿಗಳು, ಮುಖದ ಮೇಲೆ ಮುಳುಗುವ ಸೂರ್ಯನ ಬೆಳಕು. ಸುಧಾ ಯಾವುದಕ್ಕೋ ಬಗ್ಗಿ ಬಗ್ಗಿ ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನೋಡಿ ಬಹಳ ಕಾಲವಾಗಿತ್ತು.

ನಾನು ಹಾರನ್ ಹೊಡೆದೆ. ಕಿಟಕಿ ಇಳಿಸಿ ಮತ್ತೆ ಹೊಡೆದೆ. ಅವರು ತಿರುಗಲಿಲ್ಲ. ಸಿಗ್ನಲ್ ಹಸಿರಾಯಿತು, ಹಿಂದಿನವರೆಲ್ಲ ನನಗೆ ಹಾರನ್ ಹೊಡೆದರು. ಅಲ್ಲಿ ಕಾರು ನಿಲ್ಲಿಸುವಂತಿಲ್ಲ. ಮುಂದೆ ಹೋದೆ. ಕನ್ನಡಿಯಲ್ಲಿ ಅವರಿಬ್ಬರೂ ಚಿಕ್ಕವರಾಗುತ್ತಾ ಹೋದರು.

ಅವರು ಮೆಟ್ರೋದಲ್ಲಿ ಮನೆಗೆ ಬಂದ ಮೇಲೆ ಸಿಟ್ಟಿನಿಂದಲೇ ಕೇಳಿದೆ. ‘ಅಷ್ಟು ಹಾರನ್ ಹೊಡೆದೆ, ಕೇಳಿಸಲಿಲ್ವಾ?’

‘ಕೇಳಿಸ್ತು ಅಪ್ಪ. ನಮಗೆ ಅಂತ ಗೊತ್ತಾಗ್ಲಿಲ್ಲ’ ಎಂದಳು ಇಂಚರ. ಮಾತಿನಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಹಾಗೆ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಅವಳು ಹೊರಟಳು.

ಆ ಸಂಜೆಯ ಬೇಜಾರು ಇಳಿಯಲೇ ಇಲ್ಲ. ಎಂತೆಂಥದಕ್ಕೋ ಟೈರು ಸವೆಸಿದ್ದೇನೆ, ಮಗಳ ಜೊತೆ ರಸ್ತೆ ದಾಟುವಷ್ಟು ದೂರ ನಡೆಯಲಾಗಲಿಲ್ಲವಲ್ಲ ಎನ್ನಿಸುತ್ತಿತ್ತು. ಮುಂದಿನ ಶುಕ್ರವಾರ ಹಳೆಯ ಚಪ್ಪಲಿ ಹಾಕಿಕೊಂಡು, ಒಬ್ಬನೇ ಮೆಟ್ರೋ ಹತ್ತಿ ಸೂಕ್‌ಗೆ ಹೋದೆ. ಅದೇ ಓಣಿಗಳಲ್ಲಿ ನಡೆದು, ರಸ್ತೆ ದಾಟಿ, ಕುಂಟಿಕೊಂಡೇ ಸಮುದ್ರ ಮುಟ್ಟಿದೆ. ನಿಜಕ್ಕೂ ಅದು ಎಲ್ಲಿಗೂ ಹೋಗಿರಲಿಲ್ಲ. ಮರದ ದೋಣಿಗಳು ಹಿಂದೆ ಬರುವ ಹಾಗೆ ನನ್ನದೇ ಒಂದು ಫೋಟೋ ತೆಗೆದು ಇಂಚರಳಿಗೆ ಕಳಿಸಿದೆ. ಉತ್ತರ ಕೂಡಲೇ ಬಂತು.

‘ಕಾರ್ ಎಲ್ಲಿ ಪಾರ್ಕ್ ಮಾಡಿದೀಯ ಅಪ್ಪ?’

ಕಾರು ಮನೆಯಲ್ಲಿದೆ ಎಂದು ಬರೆದೆ. ನಗುವ ಮುಖಗಳು ಸಾಲಾಗಿ ಬಂದವು. ನಂಬಲಿಲ್ಲ, ಪಾಪ, ಅವಳಾದರೂ ಹೇಗೆ ನಂಬಿಯಾಳು. ಮಂಡಿ ಇನ್ನು ಒಲ್ಲೆ ಎಂದಿತು. ಸುಧಾಳಿಗೆ ಫೋನ್ ಮಾಡಿ, ಕಾರು ತೆಗೆದುಕೊಂಡು ಬಾ, ದೋಣಿಗಳ ಹತ್ತಿರದ ಪಾರ್ಕಿಂಗಿನ ಎದುರಿಗೇ ಕೂತಿರುತ್ತೇನೆ ಎಂದು ಹೇಳಿ, ಕಲ್ಲುಬೆಂಚಿನ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತೆ. ಗಾಜಿಲ್ಲದೆ ನೋಡಿದರೆ ಸಮುದ್ರಕ್ಕೆ ವಾಸನೆಯಿದೆ, ಸದ್ದಿದೆ. ಬಗಲಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಬೆನ್ನ ಹಿಂದೆ ಯಾರೋ ಸಮನೆ ಹಾರನ್ ಹೊಡೆಯುತ್ತಿದ್ದರು. ಈ ಊರಿನ ಜನಕ್ಕೆ ಒಂದಿಷ್ಟೂ ತಾಳ್ಮೆಯಿಲ್ಲ ಎಂದುಕೊಂಡೆ. ಫೋನ್ ಬಡಿದುಕೊಂಡಿತು.

‘ಎಷ್ಟು ಹೊತ್ತು ರೀ ಹಾರನ್ ಹೊಡೀಲಿ? ಕೇಳಿಸಲ್ವಾ ನಿಮಗೆ?’ ಎಂದಳು ಸುಧಾ.

‘ಕೇಳಿಸ್ತು ಕಣೆ’ ಎಂದೆ. ‘ನನಗೆ ಅಂತ ಗೊತ್ತಾಗಲಿಲ್ಲ.’