ಬೋರ್ಡಿಲ್ಲದ ಅಂಗಡಿ ಪಟ್ಟಿಗಿಲ್ಲ

"ನನ್ನ ಪಟ್ಟಿಯೊಳಗೆ ಒಂದೇ ಒಂದು ಸುಳ್ಳು ನುಸುಳಲಿ, ಅವತ್ತೇ ಕೆಲಸ ಬಿಡ್ತೀನಿ!"

ಊರಿನ ಅಂಗಡಿ ಮುಂಗಟ್ಟುಗಳ ವಿಳಾಸಗಳನ್ನು ಇಂಟರ್ನೆಟ್ಟಿನಲ್ಲಿ ಪಟ್ಟಿ ಮಾಡುವ ಕಂಪನಿಯ ಸಂಪಾದಕರು ಹೀಗೆಂದು ಮೇಜು ಗುದ್ದಿದ ದಿನದಿಂದ ಆಫೀಸಿನಲ್ಲಿ ಅವರಿಗೆ 'ಕತ್ತರಿ ಸಾಹೇಬರು' ಎಂದೇ ಹೆಸರು. 'ಅತ್ಯುತ್ತಮ' ಎಂದು ಬರೆದುಕೊಂಡವರಿಗೆ ಕತ್ತರಿ. 'ನಂಬರ್ ಒನ್' ಎಂದವರಿಗೆ ಎರಡು ಕತ್ತರಿ! ಬೋರ್ಡಿಲ್ಲದ, ವೇಳೆ ನಮೂದಿಸದ ಅಂಗಡಿಯಂತೂ ಹತ್ತಿರ ಸುಳಿಯುವಂತಿಲ್ಲ.

ನಿಜವಾದ ಕತ್ತರಿ ಇದ್ದದ್ದು ಮನೆಯಲ್ಲಿ, ಹೆಂಡತಿಯ ಕೈಯಲ್ಲಿ. ಮಲಗುವ ಕೋಣೆಯ ಮೂಲೆಯಲ್ಲಿ ಹನ್ನೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಪಕ್ಕದ ಬೀದಿಗೆ ರೆಡಿಮೇಡ್ ಅಂಗಡಿ ಬಂದ ಮೇಲೆ ಗಿರಾಕಿಗಳು ಅರ್ಧಕ್ಕರ್ಧ ಕರಗಿದರು. ಬೇರೆ ದಾರಿ ಕಾಣದೆ ಅವಳೂ ಗಂಡನ ಪಟ್ಟಿಗೆ ಅರ್ಜಿ ಹಾಕಿದಳು. ಎರಡು ದಿನ 'ಪರಿಶೀಲನೆಯಲ್ಲಿದೆ' ಎಂದು ತೋರಿಸಿದ ಅರ್ಜಿ ಮೂರನೇ ದಿನಕ್ಕೆ ವಾಪಸ್!

"ರೀ, ನನ್ನದ್ಯಾಕೆ ಬೇಡ ಅಂದ್ರಿ?"

"ಬೋರ್ಡಿಲ್ಲ, ವೇಳೆ ಹಾಕಿಲ್ಲ. ಮಂಚ ಇರೋ ಕೋಣೇನ ಅಂಗಡಿ ಅನ್ನೋಕಾಗುತ್ತೇನೇ? ಹೆಂಡ್ತಿ ಅಂತ ಬಿಟ್ಟುಕೊಟ್ರೆ ಊರೇ ನನ್ನ ಮುಖಕ್ಕೆ ಉಗಿಯುತ್ತೆ!"

"ಇದಿಷ್ಟೂ ಸರಿಮಾಡಿದ್ರೆ?"

"ಕಣ್ಣು ಮುಚ್ಚಿ ಹಾಕ್ತೀನಿ!"

ಮಾತು ಆಡಿದರೆ ಹೋಯಿತು ನೋಡಿ. ಬೆಳಗಾಗುವುದರೊಳಗೆ ಬಾಗಿಲ ಮೇಲೆ ಬೋರ್ಡು ಏರಿತ್ತು. ಮಂಚ ವರಾಂಡಕ್ಕೆ ಬಂದಿತ್ತು. ಸಾಹೇಬರ ಬೀರು ಬಚ್ಚಲ ಪಕ್ಕ ನಿಂತಿತ್ತು. ವೇಳೆ: ಬೆಳಿಗ್ಗೆ ಏಳರಿಂದ ರಾತ್ರಿ ಎಂಟು.

"ಹಾಗಾದ್ರೆ ನನ್ನ ತಿಂಡಿ?"

"ವೇಳೆ ತಪ್ಪಿದ್ರೆ ಪಟ್ಟಿಯಿಂದ ತೆಗೆದುಹಾಕ್ತೀರಲ್ಲ! ಒಲೆ ಅಲ್ಲಿದೆ, ಬೆಂಕಿಪೊಟ್ಟಣ ಕಿಟಕೀಲಿದೆ."

ಸಾಹೇಬರು ಹಲ್ಲು ಕಚ್ಚಿ ಖುದ್ದಾಗಿ ಬೋರ್ಡಿನ ಫೋಟೋ ತೆಗೆದು ಒಪ್ಪಿಗೆ ಒತ್ತಿದರು. ಎರಡೇ ವಾರ! ಮನೆ ತುಂಬ ಗಿರಾಕಿಗಳು, ಸೋಫಾದ ಮೇಲೆ ಬಟ್ಟೆಯ ಗುಡ್ಡ, ಊಟದ ಮೇಜಿನ ಮೇಲೆ ಅಳತೆಯ ಪುಸ್ತಕ. ಹೆಂಡತಿಯ ಮುಖದ ಕಳೆ ನೋಡಿ ಸಾಹೇಬರಿಗೆ ಒಳಗೊಳಗೇ ಹಿಗ್ಗಾಯಿತು. ವರಾಂಡದ ಗಾಳಿಗೆ ಹಿಡಿದುಕೊಂಡಿದ್ದ ಸೊಂಟ ಮಾತ್ರ ಹಿಗ್ಗಲು ಒಪ್ಪಲಿಲ್ಲ.

ಭಾನುವಾರ, ಒಳಗೆ ಕೂರಲು ಜಾಗವಿಲ್ಲದೆ, ತಾವೇ ಮಾಡಿಕೊಂಡ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಹೊಸ ಗಿರಾಕಿಯೊಬ್ಬಳು ಅವರನ್ನು ದಾಟಿಕೊಂಡು ಒಳಗೆ ಹೋಗಿ ಕೇಳಿದಳು: "ಅಕ್ಕಾ, ಹೊರಗೆ ಕೂತಿರೋರು ಕೆಲಸದೋರಾ, ಮನೆಯೋರಾ?"

ಹೆಂಡತಿ ಹೊಲಿಗೆ ಮಿಷನ್ನು ನಿಲ್ಲಿಸಿ ಮೆಟ್ಟಿಲ ಕಡೆ ಇಣುಕಿದಳು.

"ಅವರಾ? ಇನ್ನೂ ಪರಿಶೀಲನೆಯಲ್ಲಿದ್ದಾರೆ!"