ಏಳನೇ ಟ್ಯೂಬಿನ ಮುಸುವ

ಎಲ್ಲ ಶುರುವಾದದ್ದು ಮನೆಯಲ್ಲಿ ಅವಳ ಅತ್ತೆಗೆ ಗ್ಯಾಸ್ ಲೈಟರ್ ಸಿಗದೇ ಹೋದದ್ದರಿಂದ.

ಹೋದ ವಾರ ಅವಳು ಲ್ಯಾಬಿನಲ್ಲಿ, ಮೃಗಾಲಯದಿಂದ ಬಂದ ಕರಿಮೂತಿಯ ಮುಸುವನ ಕೂದಲನ್ನು ನಲವತ್ತು ಟ್ಯೂಬುಗಳ ಪೈಕಿ ಏಳನೆಯದಕ್ಕೆ ಹಾಕುತ್ತಿದ್ದಾಗ ಫೋನು ಬಂತು. ಕೈಗವಸು ಕಳಚಿ, "ಡಬ್ಬದ ಹಿಂದೆ ನೋಡಿ ಅತ್ತೆ" ಎಂದು ಮೂರು ಸಲ ಹೇಳಿದಳು. ಅಷ್ಟರಲ್ಲಿ ಪ್ರೊಫೆಸರು ಬಂದು, ತೆರೆದ ಟ್ಯೂಬನ್ನು ಗಡ್ಡದ ಹತ್ತಿರ ಎತ್ತಿ ಹಿಡಿದು, "ಇಷ್ಟೇನಾ ಕಳ್ಸಿರೋದು?" ಎಂದು ಗೊಣಗಿ ಹೋಗಿದ್ದರು. ಆಮೇಲೆ ಹೊಸ ಕೈಗವಸು ಹಾಕಿಕೊಂಡಳೋ ಇಲ್ಲವೋ? ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವಳಿಗೆ ಅಂಥದ್ದೆಲ್ಲ ನೆನಪಿರುವುದಿಲ್ಲ.

ಇವತ್ತು ಫಲಿತಾಂಶ ಬಂತು. ಡಿಎನ್‌ಎ ಅಕ್ಷರಗಳನ್ನು ಹೋಲಿಸಿ, ಯಾವ ಪ್ರಾಣಿಗೆ ಯಾವುದು ಹತ್ತಿರದ ನೆಂಟ ಎಂದು ಕಂಪ್ಯೂಟರ್ ಬರೆದ ವಂಶವೃಕ್ಷ. ಗೊರಿಲ್ಲ, ಚಿಂಪಾಂಜಿ, ಕೋತಿ ಎಲ್ಲ ತಮ್ಮ ತಮ್ಮ ಕೊಂಬೆಯಲ್ಲಿ ಮರ್ಯಾದೆಯಿಂದ ಕೂತಿದ್ದವು. ಏಳನೇ ಟ್ಯೂಬಿನ ಮುಸುವ ಮಾತ್ರ ಚಿಂಪಾಂಜಿಯನ್ನೂ ತಳ್ಳಿಕೊಂಡು ಬಂದು, ಬಸ್ಸಿನಲ್ಲಿ ಸೀಟು ಹಿಡಿದವನ ಹಾಗೆ ಮನುಷ್ಯನ ಪಕ್ಕ ಒತ್ತಿ ಕೂತಿತ್ತು.

"ಇದು ನಮ್ಮ ಭಾವಮೈದುನನ ಕೂದಲೇ ಇರ್ಬೇಕು" ಎಂದ, ಕರೆಯದೆಯೇ ಇಣುಕಿದ ಆಫೀಸಿನ ಗುಮಾಸ್ತ.

ಪ್ರೊಫೆಸರು ನಗಲಿಲ್ಲ. "ಯಾರೋ ಮನುಷ್ಯರ ಡಿಎನ್‌ಎ ಬೆರೆಸಿಟ್ಟಿದ್ದಾರೆ. ನೀನೇನಾ?" ಎಂದು ಸೇರಿ ಮೂರು ತಿಂಗಳಾಗಿದ್ದ ಸಂಶೋಧನೆಯ ಹುಡುಗಿಯ ಮೇಲೆ ಹರಿಹಾಯ್ದರು. ಹುಡುಗಿಯ ಕಣ್ಣು ತುಂಬಿತು.

ಏಳನೇ ಟ್ಯೂಬು ತುಂಬಿದವಳಿಗೋ ನಾಳೆಯಿಂದ ರಜೆ. ಮೂರು ವರ್ಷಗಳಲ್ಲಿ ಮೊದಲನೆಯದು. ತಂಗಿಯ ಮನೆಯಲ್ಲಿ ನಾಲ್ಕು ದಿನ, ಯಾರೂ ಏನನ್ನೂ ಹುಡುಕಿಕೊಡು ಎನ್ನದ ಕಡೆ, ಬರೀ ನಿದ್ದೆ. ಸುಮ್ಮನಿದ್ದರೆ ಸಾಕಿತ್ತು. ಆದರೆ ಸುಮ್ಮನಿರುವುದಕ್ಕೂ ಶಕ್ತಿ ಬೇಕಲ್ಲ.

"ನಾನೇ ಇರ್ಬೇಕು ಸರ್" ಎಂದಳು.

ಆಮೇಲೆ ದಿನವೆಲ್ಲ ಅದೇ ಮಾತು. ಗುಮಾಸ್ತ ರಜೆ ಚೀಟಿಯನ್ನು, ಮಂಜೂರಿಲ್ಲ ಎಂದು ವಾಪಸು ತಂದುಕೊಟ್ಟ. ಕಸ ಗುಡಿಸುವಾಕೆ, "ಅಕ್ಕಾ, ಮುಸುವ ನಿಮ್ಮ ತವರಿನ ಕಡೆಯದಾ, ಗಂಡನ ಕಡೆಯದಾ?" ಎಂದು ಕೇಳಿದಳು. "ಗಂಡನ ಕಡೆಯದು" ಎಂದಳು ಅವಳು, ತಲೆ ಎತ್ತದೆ. ತಪ್ಪೊಪ್ಪಿಗೆ ನಿರ್ದೇಶಕರ ಮೇಜಿಗೂ ಹೋಯಿತು.

ಸಂಜೆ ಹುಡುಗಿ ಓಡಿ ಬಂದಳು. ಇಂಥ ಎಡವಟ್ಟು ಪತ್ತೆ ಹಚ್ಚಲೆಂದೇ, ಕೆಲಸಕ್ಕೆ ಸೇರಿದ ದಿನವೇ ಎಲ್ಲರ ಡಿಎನ್‌ಎ ಬರೆದಿಡುವುದು ಅಲ್ಲಿಯ ಪದ್ಧತಿ. ಹುಡುಗಿ ಎಲ್ಲರದನ್ನೂ ಹೋಲಿಸಿ ನೋಡಿದ್ದಳು.

"ಅಕ್ಕಾ, ಅದು ನಿಮ್ಮದಲ್ಲ! ಸರ್‌ದು!"

ಎಷ್ಟೋ ದಿನಗಳ ಮೇಲೆ ಅವಳ ಹೆಜ್ಜೆ ಹಗುರಾಯಿತು. ಹುಡುಗಿ ತಂದ ಕಾಗದ ಹಿಡಿದು ಪ್ರೊಫೆಸರ ಕೋಣೆಗೆ ಹೋದಳು. ಅವರು ಓದಿದರು, ಗಡ್ಡ ಸವರಿಕೊಂಡರು, ಥಟ್ಟನೆ ಕೈ ಕೆಳಗಿಳಿಸಿದರು.

"ಬಾಗಿಲು ಹಾಕಿ" ಎಂದರು ಮೆಲ್ಲಗೆ. "ನೋಡಿ, ನೀವು ಹೇಗೂ ಒಪ್ಕೊಂಡಿದ್ದೀರಿ. ನಿರ್ದೇಶಕರಿಗೂ ಬರೆದಾಯ್ತು. ಈಗ ಮತ್ತೆ ಬದಲಾಯಿಸಿದ್ರೆ ಲ್ಯಾಬಿನ ಮರ್ಯಾದೆ ಏನಾಗ್ಬೇಕು?"

"ಹೋಗ್ಲಿ ಸರ್. ನನ್ನ ರಜೆ?"

"ನಲವತ್ತು ಟ್ಯೂಬನ್ನೂ ಮೊದಲಿಂದ ಮಾಡ್ಬೇಕಲ್ಲಮ್ಮ" ಎಂದರು ಅವರು, ನಿಜವಾದ ಅಭಿಮಾನದಿಂದ. "ನಿಮ್ಮ ಕೈ ಎಷ್ಟು ಶುದ್ಧ ಅಂತ ಇವತ್ತು ಸಾಬೀತಾಯ್ತು. ಇನ್ಯಾರನ್ನ ನಂಬ್ಲಿ?"